ಫ್ಯಾನಿಗೆ ಹುಕ್ಕೇ ಇಲ್ಲದ ಮನೆ

ಬಸವನಗುಡಿಯಲ್ಲಿದ್ದ ನಮ್ಮ ದೊಡ್ಡಪ್ಪನ ಹಳೇ ಮನೆಯಲ್ಲಿ ಫ್ಯಾನ್ ತೂಗುಹಾಕಲು ಹುಕ್ಕೇ ಇರಲಿಲ್ಲ. ಕಟ್ಟಿಸುವಾಗ ಯಾರಿಗೂ ಅದು ಬೇಕು ಅನ್ನಿಸಿರಲಿಲ್ಲ. ಯುಗಾದಿ ಕಳೆದರೂ ಮಫ್ಲರ್ ಬಿಡದ ಮನುಷ್ಯ ನಮ್ಮ ದೊಡ್ಡಪ್ಪ.

ಬೆಂಗಳೂರಿಗೆ ‘ಪೆನ್ಷನರ್ಸ್ ಪ್ಯಾರಡೈಸ್’ ಅಂತ ಹೆಸರು ಬಂದಿದ್ದು ಈ ತಂಪಿನಿಂದ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 1809ರಲ್ಲಿ ಇಲ್ಲಿ ಬ್ರಿಟಿಷ್ ಸೈನ್ಯದ ನೆಲೆ, ಅಂದರೆ ದಂಡು (ಕಂಟೋನ್ಮೆಂಟ್) ಬಂತು. ಆಮೇಲೆ ನಿವೃತ್ತರಾದ ಬ್ರಿಟಿಷರಲ್ಲಿ ಕೆಲವರು ಊರಿಗೆ ಹೋಗದೆ ಇಲ್ಲೇ ನಿಂತರು. ಹವೆ ಒಗ್ಗುತ್ತಿತ್ತು, ಪಿಂಚಣಿಯಲ್ಲಿ ಬಂಗಲೆ, ಆಳುಕಾಳು ಎಲ್ಲ ನಡೆಯುತ್ತಿತ್ತು. 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರ ಊರೊಂದು ಎದ್ದಿತು. ಅದೇ ವೈಟ್‌ಫೀಲ್ಡ್. ಇವತ್ತಿನ ಟ್ರಾಫಿಕ್‌ನಲ್ಲಿ ಕೂತು ಇದನ್ನು ನಂಬೋದು ಕಷ್ಟ, ಅಲ್ವಾ?

ಆದರೆ ಎಲ್ಲವನ್ನೂ ತಂಪುಗಾಳಿಯ ಲೆಕ್ಕಕ್ಕೆ ಬರೆಯಬಾರದು. ಮಧ್ಯಮ ವರ್ಗದವರನ್ನು ಇಲ್ಲಿ ಕಟ್ಟಿಹಾಕಿದ್ದು ಸೈಟು. ಎಚ್‌ಎಎಲ್ (1940), ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಹೀಗೆ ದೊಡ್ಡ ಕಾರ್ಖಾನೆಗಳು ಒಂದರ ಹಿಂದೆ ಒಂದು ಬಂದವು. ಬೇರೆ ಬೇರೆ ಕಡೆಯಿಂದ ಜನ ಕೆಲಸಕ್ಕೆ ಬಂದರು. ಬಡಾವಣೆ ಮಾಡಿ ಸೈಟು ಹಂಚುತ್ತಿದ್ದ ಟ್ರಸ್ಟ್ ಬೋರ್ಡಿನಿಂದಲೋ ಗೃಹನಿರ್ಮಾಣ ಸೊಸೈಟಿಯಿಂದಲೋ ಒಂದು ಸೈಟು, ರಿಟೈರ್ ಆದಾಗ ಪಿಎಫ್ ದುಡ್ಡಲ್ಲಿ ಮನೆ, ಮುಂದೆ ಒಂದು ತೆಂಗಿನ ಮರ. ಲೆಕ್ಕ ಸರಿಹೋಗುತ್ತಿತ್ತು.

ಆ ಲೆಕ್ಕ ತಪ್ಪಿದ್ದು ಸಾಫ್ಟ್‌ವೇರ್ ಬಂದ ಮೇಲೆ. 1951ರಲ್ಲಿ 8 ಲಕ್ಷದ ಆಸುಪಾಸಿನಲ್ಲಿದ್ದ ಊರು 2011ರ ಜನಗಣತಿ ಹೊತ್ತಿಗೆ 84 ಲಕ್ಷ ದಾಟಿತು. 2016ರ ಏಪ್ರಿಲ್‌ನಲ್ಲಿ ಬಿಸಿಲು 39.2 ಡಿಗ್ರಿ ಮುಟ್ಟಿತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್‌ಗೆ ಕಾಯುವ ಸ್ಥಿತಿ ಬಂತು.

ಏಟು ಬಿದ್ದಿದ್ದು ಎಲ್ಲರಿಗೂ ಒಂದೇ ಥರ ಅಲ್ಲ. ಸರ್ಕಾರಿ ಪಿಂಚಣಿಗೆ ತುಟ್ಟಿಭತ್ಯೆ ಸೇರುತ್ತದೆ, ಬೆಲೆ ಏರಿದರೆ ಅದೂ ಒಂದಿಷ್ಟು ಏರುತ್ತದೆ. ಕಾರ್ಖಾನೆ, ಕಂಪನಿ ನೌಕರರಿಗಿರುವ ಇಪಿಎಫ್‌ನ (ಭವಿಷ್ಯ ನಿಧಿಯ) ಪಿಂಚಣಿ ಯೋಜನೆಯಲ್ಲಿ ಆ ಸೌಲಭ್ಯ ಇಲ್ಲ. 2014ರಲ್ಲಿ ಅದಕ್ಕೆ ತಿಂಗಳಿಗೆ ಕನಿಷ್ಠ 1,000 ರೂಪಾಯಿ ಅಂತ ಗೊತ್ತುಮಾಡಿದರು. ಅಪಾರ್ಟ್‌ಮೆಂಟಿನ ಮೆಂಟೇನೆನ್ಸೇ ಅದಕ್ಕಿಂತ ಜಾಸ್ತಿ. ಕಾರ್ಖಾನೆಯಲ್ಲಿ ದುಡಿದವರ ಕೈಯಲ್ಲಿ ಕೋಟಿ ಬೆಲೆಯ ಸೈಟಿದೆ, ತಿಂಗಳ ಖರ್ಚಿಗೆ ಮಾತ್ರ ಕಾಸಿಲ್ಲ.

ಹಾಗಾಗಿ ಕೆಲವರು ಮೈಸೂರಿನ ಕಡೆ ನೋಡುತ್ತಿದ್ದಾರೆ. ಅದು ಬೆಂಗಳೂರಿಗಿಂತ ತಗ್ಗಿನಲ್ಲಿದೆ, ಸೆಖೆಯೇನೂ ಕಮ್ಮಿ ಇಲ್ಲ. ಅಂದರೆ ಈ ಸಲ ಜನ ಗಾಳಿಗಾಗಿ ಹೋಗುತ್ತಿಲ್ಲ. ಬಾಡಿಗೆ ಕಮ್ಮಿ, ರಸ್ತೆ ದಾಟಲು ಭಯವಿಲ್ಲ, ಅಷ್ಟೇ.

ದೊಡ್ಡಪ್ಪನ ಮಗನೂ ಹಾಗೇ ಮಾಡಿದರು. ಮನೆ ಮಾರಿ, ತಮ್ಮಂದಿರಿಗೆ ಪಾಲು ಕೊಟ್ಟು, ಮೈಸೂರಿನಲ್ಲಿ ಚಿಕ್ಕ ಮನೆ ತೆಗೆದುಕೊಂಡರು. ರೂಮಿಗೊಂದು ಫ್ಯಾನಿದೆ. ತಿಂಗಳಿಗೊಮ್ಮೆ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಬರುತ್ತಾರೆ, ಕೈಯಲ್ಲಿ ರಿಪೋರ್ಟುಗಳ ಕವರು. ಹಾರ್ಟಿನ ಡಾಕ್ಟರು ಇಲ್ಲೇ ಇದ್ದಾರೆ, ಮೊಮ್ಮಗಳೂ ಇಲ್ಲೇ.