ಎರ್ಡೋಶ್ ಸಂಖ್ಯೆ: ಗಣಿತದವರ ನೆಂಟಸ್ತಿಕೆಯ ಲೆಕ್ಕ

ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿ, ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಜಗತ್ತಿಗೇ ಹೆಸರಾದ ಸಿ. ಆರ್. ರಾವ್ ಅವರ ಎರ್ಡೋಶ್ ಸಂಖ್ಯೆ 2. ಐನ್‌ಸ್ಟೈನ್ ಅವರದೂ 2. ಇದು ಯಾರೋ ಕೊಟ್ಟ ರ‍್ಯಾಂಕಲ್ಲ, ಒಂದು ಬಗೆಯ ನೆಂಟಸ್ತಿಕೆಯ ಲೆಕ್ಕ. ಮದುವೆಮನೆಯಲ್ಲಿ ಹಿರಿಯರು "ಅವರು ನಿಮಗೆ ಹೇಗಾಗಬೇಕು?" ಎಂದು ಕೇಳಿ ಎಳೆ ಹಿಡಿದು ಹೋಗುತ್ತಾರಲ್ಲ, ಹಾಗೆ.

ಪಾಲ್ ಎರ್ಡೋಶ್ ಹಂಗೇರಿಯ ಗಣಿತಜ್ಞ. ಅವರ ಸಂಖ್ಯೆ 0. ಅವರ ಜೊತೆ ಸೇರಿ ಸಂಶೋಧನ ಪ್ರಬಂಧ ಬರೆದವರದು 1, ಆ 1ರವರ ಜೊತೆ ಬರೆದವರದು 2, ಹೀಗೇ ಮುಂದಕ್ಕೆ. ಹಲವು ದಾರಿಗಳಿದ್ದರೆ ಅತಿ ಹತ್ತಿರದ್ದನ್ನೇ ಹಿಡಿಯಬೇಕು. ದಾರಿಯೇ ಇಲ್ಲದಿದ್ದರೆ ಅನಂತ. ರಾವ್ ಅವರು 1940ರ ದಶಕದಲ್ಲಿ ಆರ್. ಸಿ. ಬೋಸ್ ಮತ್ತು ಎಸ್. ಚೌಲಾ ಜೊತೆ ಬರೆದರು. ಚೌಲಾ ಎರ್ಡೋಶ್ ಜೊತೆ ಬರೆದರು. ಐನ್‌ಸ್ಟೈನ್‌ಗೆ ಕೊಂಡಿಯಾದದ್ದು ಅವರ ಸಹಾಯಕರಾಗಿದ್ದ ಅರ್ನ್ಸ್ಟ್ ಸ್ಟ್ರಾಸ್. 1969ರಲ್ಲಿ ಕ್ಯಾಸ್ಪರ್ ಗಾಫ್‌ಮನ್ ಎಂಬ ಗಣಿತಜ್ಞರು ಒಂದು ಪುಟ್ಟ ಲೇಖನ ಬರೆದ ಮೇಲೆ ಈ ಪದ ನೆಲೆನಿಂತಿತು.

ಅಷ್ಟು ಮಂದಿ ಗಣಿತಜ್ಞರಿರುವಾಗ ಎಳೆಗಳೆಲ್ಲ ಇವರೊಬ್ಬರ ಬಳಿಗೇ ಏಕೆ ಹೋಗುತ್ತವೆ? ಉತ್ತರ ಅವರ ಬದುಕಿನಲ್ಲಿದೆ.

ಎರ್ಡೋಶ್ 1913ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿದರು. ತಂದೆತಾಯಿ ಇಬ್ಬರೂ ಗಣಿತದ ಮೇಷ್ಟ್ರುಗಳು. ಇಬ್ಬರು ಅಕ್ಕಂದಿರು ಅದೇ ಸಮಯಕ್ಕೆ ಜ್ವರದಿಂದ ತೀರಿಕೊಂಡಿದ್ದರಿಂದ ತಾಯಿ ಈ ಮಗನನ್ನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದರು. ಬೆಳೆದ ಮೇಲೆ ಅವರು ಮನೆ ಕಟ್ಟಲಿಲ್ಲ, ಮದುವೆಯಾಗಲಿಲ್ಲ. ಸೂಟ್‌ಕೇಸ್ ಹಿಡಿದು ಊರಿಂದೂರಿಗೆ, ದೇಶದಿಂದ ದೇಶಕ್ಕೆ ಹೋಗಿ ಗಣಿತಜ್ಞರ ಮನೆಗಳಲ್ಲಿ ಉಳಿದು, ಅವರ ಜೊತೆ ಕೂತು ಲೆಕ್ಕ ಬಿಡಿಸಿ, ಮುಂದಿನ ಊರಿಗೆ ಹೊರಡುತ್ತಿದ್ದರು. ಸುಮಾರು 1500 ಪ್ರಬಂಧಗಳು, 500ಕ್ಕೂ ಹೆಚ್ಚು ಸಹಲೇಖಕರು. ವುಲ್ಫ್ ಪ್ರಶಸ್ತಿಯ 50,000 ಡಾಲರ್ ಬಂದಾಗ ತಮಗೆಂದು ಇಟ್ಟುಕೊಂಡದ್ದು 720 ಡಾಲರ್ ಮಾತ್ರ. ಮದ್ರಾಸಿನಲ್ಲಿ ಉಪನ್ಯಾಸಕ್ಕೆ ಸಿಕ್ಕ ಹಣವನ್ನು ರಾಮಾನುಜನ್ ಅವರ ಪತ್ನಿ ಜಾನಕಿ ಅಮ್ಮಾಳ್ ಅವರಿಗೆ ಕೊಟ್ಟರು.

ಅವರ ಪ್ರಶ್ನೆಗಳು ಎಂಥವು ಎಂಬುದಕ್ಕೆ ಗೆಳತಿ ಎಸ್ತರ್ ಕ್ಲೈನ್ 1930ರ ದಶಕದ ಆರಂಭದಲ್ಲಿ ಬುಡಾಪೆಸ್ಟ್‌ನ ಗೆಳೆಯರ ಮುಂದಿಟ್ಟ ಒಂದನ್ನು ನೋಡಿ. ಹಾಳೆಯ ಮೇಲೆ ಐದು ಚುಕ್ಕಿ ಇಡಿ, ಯಾವ ಮೂರೂ ಒಂದೇ ಗೆರೆಯಲ್ಲಿ ಬರದಂತೆ. ಅವುಗಳಲ್ಲಿ ಯಾವುದಾದರೂ ನಾಲ್ಕು ಸೇರಿ ಒಳಕ್ಕೆ ಬಾಗದ ಚತುರ್ಭುಜ ಆಗಲೇಬೇಕು. ಏಕೆ? ಎಲ್ಲ ಚುಕ್ಕಿಗಳ ಸುತ್ತ ರಬ್ಬರ್ ಬ್ಯಾಂಡ್ ಹಾಕಿದೆವು ಎಂದುಕೊಳ್ಳಿ. ಅದು ನಾಲ್ಕು ಅಥವಾ ಐದು ಚುಕ್ಕಿಗೆ ತಾಗಿದರೆ ಕೆಲಸ ಅಲ್ಲೇ ಮುಗಿಯಿತು. ಮೂರಕ್ಕೇ ತಾಗಿದರೆ ತ್ರಿಕೋನದೊಳಗೆ ಎರಡು ಚುಕ್ಕಿ ಉಳಿಯುತ್ತವೆ. ಆ ಎರಡರ ಮೂಲಕ ಗೆರೆ ಎಳೆಯಿರಿ: ತ್ರಿಕೋನದ ಎರಡು ಮೂಲೆಗಳು ಗೆರೆಯ ಒಂದೇ ಪಕ್ಕಕ್ಕೆ ಬೀಳುತ್ತವೆ. ಆ ಎರಡು ಮೂಲೆ, ಒಳಗಿನ ಎರಡು ಚುಕ್ಕಿ, ಇವೇ ನಿಮ್ಮ ಚತುರ್ಭುಜ. ಶಾಲೆಯ ಮಗುವಿಗೂ ಹೇಳಬಹುದು. ಆದರೆ ಒಳಬಾಗದ ಪಂಚಭುಜ, ಷಡ್ಭುಜ, ಮುಂದಿನವು ಸಿಗಲು ಎಷ್ಟು ಚುಕ್ಕಿ ಬೇಕು ಎಂದು ಕೇಳುತ್ತ ಹೋದರೆ ಎಲ್ಲಕ್ಕೂ ಒಪ್ಪುವ ಉತ್ತರಕ್ಕೆ ಗಣಿತದ ಪುರಾವೆ ಇನ್ನೂ ಸಿಕ್ಕಿಲ್ಲ. ಎಸ್ತರ್ ಮತ್ತು ಆ ಗೆಳೆಯರಲ್ಲೊಬ್ಬರಾದ ಜಾರ್ಜ್ ಸೆಕೆರೆಶ್ ಇದೇ ಲೆಕ್ಕದ ಬೆನ್ನು ಹತ್ತಿ ಮದುವೆಯಾದರು. ಅದಕ್ಕೇ ಎರ್ಡೋಶ್ ಇದನ್ನು ಸುಖಾಂತ್ಯದ ಸಮಸ್ಯೆ ಎಂದು ಕರೆದರು.

ಕೇಳಲು ಸರಳ, ಬಿಡಿಸಲು ಹೊಸ ದಾರಿಯೇ ಬೇಕು: ಇಂಥ ಪ್ರಶ್ನೆಗಳನ್ನು ಅವರು ಹೋದಲ್ಲೆಲ್ಲ ಹಂಚಿದರು. ಕಷ್ಟದ ಮಟ್ಟ ನೋಡಿ 25 ಡಾಲರ್‌ನಿಂದ ಸಾವಿರಾರು ಡಾಲರ್‌ವರೆಗೆ ಬಹುಮಾನ ಕಟ್ಟಿದರು. ಯಾವ ಪ್ರಶ್ನೆ ಯಾರ ಕೈಗೆ ಒಗ್ಗುತ್ತದೆ ಎಂದು ಗುರುತಿಸುವುದು ಅವರ ದೊಡ್ಡ ಶಕ್ತಿ ಎಂದು ನನಗನ್ನಿಸುತ್ತದೆ. ಮದ್ರಾಸಿನ ಕೃಷ್ಣಸ್ವಾಮಿ ಅಲ್ಲಾಡಿ ಇನ್ನೂ ಕಾಲೇಜು ಹುಡುಗನಾಗಿದ್ದಾಗ ಒಂದು ಪತ್ರ ಬರೆದರು. ಅದನ್ನೋದಿದ ಎರ್ಡೋಶ್ 1975ರಲ್ಲಿ ಆ ಹುಡುಗನನ್ನು ನೋಡಲೆಂದು ಮದ್ರಾಸಿಗೆ ಬಂದರು. ಇಬ್ಬರೂ ಸೇರಿ ಬರೆದದ್ದು, ಒಂದು ಸಂಖ್ಯೆಯ ಅವಿಭಾಜ್ಯ ಅಪವರ್ತನಗಳನ್ನು ಕೂಡಿದರೆ ಏನಾಗುತ್ತದೆ ಎಂಬುದರ ಬಗ್ಗೆ: 12 ಅಂದರೆ 2×2×3, ಕೂಡಿದರೆ 7. ಅಲ್ಲಾಡಿಯವರ ಸಂಖ್ಯೆ ಹೀಗೆ 1 ಆಯಿತು.

ಈ ಸಂಖ್ಯೆಯಿಂದ ಯಾರ ಯೋಗ್ಯತೆಯನ್ನೂ ಅಳೆಯಬಾರದು. 3 ಇರುವವರು 1 ಇರುವವರಿಗಿಂತ ಎಷ್ಟೋ ದೊಡ್ಡ ಕೆಲಸ ಮಾಡಿರಬಹುದು. ಒಂದು ಪ್ರಶ್ನೆ ಯಾರ ಮೇಜಿನಿಂದ ಯಾರ ಮೇಜಿಗೆ ದಾಟಿತು ಎಂಬುದರ ಗುರುತಾಗಿ ನೋಡಿದರೆ ಅದಕ್ಕೆ ಬೆಲೆ.

ಎರ್ಡೋಶ್ 1996ರ ಸೆಪ್ಟೆಂಬರ್‌ನಲ್ಲಿ ವಾರ್ಸಾದ ಗಣಿತ ಸಮ್ಮೇಳನಕ್ಕೆ ಹೋಗಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಆದರೂ 1ರವರ ಪಟ್ಟಿ ಅಲ್ಲಿಗೆ ಮುಚ್ಚಲಿಲ್ಲ. ಭಿನ್ನರಾಶಿಗಳ ಬಗ್ಗೆ ಅವರು ಗೆಳೆಯ ರಾನ್ ಗ್ರಹಾಂ ಜೊತೆ ಮಾಡಿದ್ದ ಕೆಲಸವೊಂದನ್ನು ಸ್ಟೀವ್ ಬಟ್ಲರ್ ಕೈಗೆತ್ತಿಕೊಂಡು ಪೂರ್ತಿ ಮಾಡಿದರು. 2015ರಲ್ಲಿ ಅದು ಮೂವರ ಹೆಸರಿನಲ್ಲಿ ಅಚ್ಚಾಯಿತು.