ಲೆಮನ್‌ಗ್ರಾಸ್ ಎಣ್ಣೆ ಒಳ್ಳೇದೇ, ಆದ್ರೆ ಬೆರೆಸದೆ ಹಚ್ಚಬೇಡಿ

ಕತ್ತಿನ ಹಿಂದೆ ಕೆಂಪಗೆ ಗೆರೆ ಎಳೆದ ಹಾಗೆ ಗುಳ್ಳೆ, ಎಣ್ಣೆ ಎಲ್ಲೆಲ್ಲಿ ಇಳಿದಿದೆಯೋ ಅಲ್ಲೆಲ್ಲ. ಚರ್ಮದ ಡಾಕ್ಟರ್ ಆದ ನನಗೆ ಇದನ್ನ ನೋಡಿದ್ ಕೂಡ್ಲೇ ಬರೋ ಪ್ರಶ್ನೆ, ತಲೆಗೆ ಏನ್ ಹಚ್ಚಿದ್ರಿ? "ಕೆಮಿಕಲ್ ಏನೂ ಇಲ್ಲ ಡಾಕ್ಟ್ರೇ, ನ್ಯಾಚುರಲ್ಲೇ, ತಲೆಹೊಟ್ಟಿಗೆ ಅಂತ ಮಜ್ಜಿಗೆ ಹುಲ್ಲಿನ ಎಣ್ಣೆ" ಅಂತಾರೆ, ಅಂದ್ರೆ ಇದೇ ಲೆಮನ್‌ಗ್ರಾಸ್ ಎಣ್ಣೆ.

ಹಿತ್ತಲ ಹುಲ್ಲಿಂದ ಎರಡು ಗರಿ ಕಿತ್ತು ಕಷಾಯಕ್ಕೆ ಹಾಕೋದೇ ಬೇರೆ, ಈ ಎಣ್ಣೆನೇ ಬೇರೆ. ನೂರು ಕೆಜಿ ಹಸಿ ಹುಲ್ಲನ್ನ ಹಬೆಯಲ್ಲಿ ಬಟ್ಟಿ ಇಳಿಸಿದ್ರೆ ಅರ್ಧ ಕೆಜಿ ಎಣ್ಣೆ ಸಿಗೋದೇ ಹೆಚ್ಚು, ಅದರಲ್ಲೂ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಸಿಟ್ರಾಲ್ ಅನ್ನೋ ರಾಸಾಯನಿಕ. ಆ ನಿಂಬೆ ಘಮ ಅದರದ್ದೇ, ಲ್ಯಾಬಲ್ಲಿ ಫಂಗಸ್ ಸಾಯೋದೂ ಮುಖ್ಯವಾಗಿ ಅದರಿಂದಾನೇ, ಚರ್ಮ ಉರಿಯೋದು ಅಲರ್ಜಿ ಆಗೋದು ಕೂಡ ಅದರಿಂದಾನೇ. ಹಾಗಾಗಿ "ಪ್ಯೂರ್ ಇದೆ, ಏನೂ ಆಗಲ್ಲ" ಅನ್ನೋ ಮಾತು ಉಲ್ಟಾ, ಪ್ಯೂರ್ ಇದ್ದಷ್ಟೂ ಖಾರ ಜಾಸ್ತಿ. ಯುರೋಪಲ್ಲಿ ಕ್ರೀಮು ಶಾಂಪೂಗಳಲ್ಲಿ ಸಿಟ್ರಾಲ್ ಇಂತಿಷ್ಟಕ್ಕಿಂತ ಜಾಸ್ತಿ ಇದ್ರೆ ಲೇಬಲ್ ಮೇಲೆ ಹೆಸರು ಹಾಕಲೇಬೇಕು.

ಹಾಗಾದ್ರೆ ಎಷ್ಟು ಹಾಕ್ಬೇಕು? ಮೈಗೆ ಹಚ್ಚೋದಕ್ಕೆ ನಾನು ಹೇಳೋದು 0.7 ಪರ್ಸೆಂಟ್ ದಾಟಬೇಡಿ ಅಂತ, ಅಂದ್ರೆ 30 ಎಂಎಲ್ ಕೊಬ್ಬರಿ ಎಣ್ಣೆಗೆ ನಾಲ್ಕೇ ಹನಿ. ಯೂಟ್ಯೂಬಲ್ಲಿ ಒಂದು ಚಮಚಕ್ಕೆ ಹತ್ತು ಹನಿ ಅಂತಾರಲ್ಲ, ಅದು ನನ್ ಪ್ರಕಾರ ಹುಚ್ಚಾಟ. ಬೆರೆಸಿದ್ದನ್ನ ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ, ಅಲರ್ಜಿ ಅನ್ನೋದು ಐದು ನಿಮಿಷಕ್ಕೇ ಕಾಣಿಸ್ಕೊಳ್ಳಲ್ಲ. ಗಾಯ, ಎಕ್ಸಿಮಾ ಇರೋ ಜಾಗಕ್ಕೆ, ಮುಖಕ್ಕೆ, ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡವೇ ಬೇಡ. ಬಸುರಿಯರೂ ದೂರ ಇಟ್ರೆ ಒಳ್ಳೇದು. ಸ್ನಾನದ ಬಕೆಟ್‌ಗೆ ಹನಿ ಹಾಕ್ತಾರೆ ಕೆಲವರು, ನೀರಲ್ಲಿ ಅದು ಬೆರೆಯಲ್ಲ, ಮೇಲೆ ತೇಲ್ತಾ ಇದ್ದು ನೇರ ಮೈಗೇ ಅಂಟ್ಕೊಳ್ಳುತ್ತೆ.

ಸೊಳ್ಳೆಗೆ ಕೆಲಸ ಮಾಡುತ್ತಾ ಅಂತ ಎಲ್ಲರೂ ಕೇಳ್ತಾರೆ. ಮಾಡುತ್ತೆ, ಆದ್ರೆ ಬೇಗ ಆರಿಹೋಗುತ್ತೆ, ಡೆಂಗ್ಯೂ ಸೀಸನ್ನಲ್ಲಿ ಇದೊಂದನ್ನೇ ನಂಬ್ಕೊಂಡು ಕೂರಬೇಡಿ. ರೂಮ್ ಘಮ್ ಅನ್ನಲಿ ಅಂತ ಡಿಫ್ಯೂಸರ್‌ಗೆ ಹಾಕೋದಾದ್ರೆ ಕಿಟಕಿ ತೆಗೆದಿಡಿ, ಆಸ್ತಮಾ ಇರೋರು ಬೆಕ್ಕು ಸಾಕಿರೋರು ಅದೂ ಬೇಡ.

ಬಾಟಲಿ ಕಡುಬಣ್ಣದ ಗಾಜಿನದೇ ಇರ್ಲಿ, ಮುಚ್ಚಳ ಬಿಗಿಯಾಗಿರ್ಲಿ, ಬಿಸಿಲಿಗಿಡಬೇಡಿ. ಗಾಳಿ ತಾಗಿ ಹಳೇದಾದ ಎಣ್ಣೆ ಚರ್ಮಕ್ಕೆ ಇನ್ನೂ ಕೆಟ್ಟದ್ದು, ಮಂದವಾಗಿ ವಾಸನೆ ಬದಲಾಗಿದ್ರೆ ಚೆಲ್ಲಿಬಿಡಿ. ಮೈಮೇಲೆ ನೇರ ಬಿದ್ರೆ ಮೊದಲು ಕೊಬ್ಬರಿ ಎಣ್ಣೆ ಸವರಿ ಒರೆಸಿ ಆಮೇಲೆ ಸೋಪ್ ಹಾಕಿ ತೊಳೀರಿ. ಕಣ್ಣಿಗೆ ಬಿದ್ರೆ ಹದಿನೈದು ನಿಮಿಷ ನೀರು ಬಿಡ್ತಾನೇ ಇರಿ, ಆಮೇಲೆ ಕಣ್ಣಿನ ಡಾಕ್ಟರ್ ಹತ್ರ ಹೋಗಿ. ಮಗು ಕುಡಿದ್ಬಿಟ್ರೆ ವಾಂತಿ ಮಾಡಿಸೋಕೆ ಹೋಗಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದ್ರೆ ಅದೇ ದೊಡ್ಡ ಅಪಾಯ, ಬಾಟಲಿ ಸಮೇತ ಸೀದಾ ಆಸ್ಪತ್ರೆಗೆ ಓಡಿ.