ಅಳತೆ ಒಂದೇ ಅಂತ ಗೊತ್ತಾದ್ಮೇಲೂ ಆ ಗೆರೆ ಉದ್ದ ಯಾಕೆ ಕಾಣುತ್ತೆ?

ತುಂಬಾ ಜನ ಕೇಳೋ ಪ್ರಶ್ನೆ ಇದು: "ಬಾಣದ ತುದಿ ಇರೋ ಎರಡು ಗೆರೆ ಚಿತ್ರ ಇದ್ಯಲ್ಲ, ಒಂದರ ತುದಿಗಳು ಒಳಕ್ಕೆ ಮಡಚಿರುತ್ತೆ, ಇನ್ನೊಂದರದ್ದು ಹೊರಕ್ಕೆ ಚಾಚಿರುತ್ತೆ, ಸ್ಕೇಲ್ ಇಟ್ಟು ನೋಡ್ದೆ, ಎರಡೂ ಒಂದೇ ಅಳತೆ. ಸ್ಕೇಲ್ ತೆಗೆದ ತಕ್ಷಣ ಮತ್ತೆ ಒಂದು ಉದ್ದ ಒಂದು ಗಿಡ್ಡ. ಗೊತ್ತಾದ್ಮೇಲೂ ಯಾಕೆ ಸರಿಯಾಗಿ ಕಾಣಲ್ಲ? ನನ್ನ ಕಣ್ಣಲ್ಲಿ ಏನಾದ್ರೂ ತೊಂದ್ರೆನಾ?"

ತೊಂದ್ರೆ ಏನೂ ಇಲ್ಲ ಬಿಡಿ. 1889ರಲ್ಲಿ ಜರ್ಮನಿಯ ಮುಲ್ಲರ್-ಲಯರ್ ಈ ಚಿತ್ರ ಪ್ರಕಟ ಮಾಡಿದಾಗಿಂದ ಅದನ್ನ ನೋಡಿದವರಲ್ಲಿ ಹೆಚ್ಚಿನವರಿಗೆ ಹಾಗೇ ಕಂಡಿದೆ, ಅದರ ಮೇಲೇ ವರ್ಷಗಟ್ಟಲೆ ರಿಸರ್ಚ್ ಮಾಡಿದವರಿಗೂ ಅಷ್ಟೇ. ಯಾಕಂದ್ರೆ ನೋಟದ ಲೆಕ್ಕಾಚಾರ ನಮ್ಮ ಗಮನಕ್ಕೆ ಬರೋ ಮೊದಲೇ ಮುಗಿದುಹೋಗಿರುತ್ತೆ, ನಮಗೆ ಸಿಗೋದು ಬರೀ ರಿಸಲ್ಟ್, ನೀವು ಸ್ಕೇಲಿಂದ ತಿಳ್ಕೊಂಡ ವಿಷಯ ಆ ಲೆಕ್ಕದ ಒಳಗೆ ಹೋಗೋಕೆ ದಾರೀನೇ ಇಲ್ಲ. ಹೆಲ್ಮ್‌ಹೋಲ್ಟ್ಸ್ ಅನ್ನೋ ವಿಜ್ಞಾನಿ 19ನೇ ಶತಮಾನದಲ್ಲೇ ಇದನ್ನ ನಮಗೆ ಅರಿವಿಲ್ಲದೆ ನಡೆಯೋ ಊಹೆ ಅಂತ ಕರೆದಿದ್ರು.

ಆ ಊಹೆ ಎಂಥದ್ದು ಅಂತ ನೋಡ್ಬೇಕು ಅಂದ್ರೆ ದೃಷ್ಟಿ ವಿಜ್ಞಾನಿ ಎಡ್ವರ್ಡ್ ಏಡಲ್‌ಸನ್ 1995ರಲ್ಲಿ ಮಾಡಿದ ಚೆಸ್ ಬೋರ್ಡ್ ಚಿತ್ರ ಹುಡುಕಿ ನೋಡಿ. ಬೋರ್ಡ್ ಮೇಲೊಂದು ಹಸಿರು ಕಂಬ, ಅದರ ನೆರಳು ಬೋರ್ಡ್ ಮೇಲೆ ಬಿದ್ದಿದೆ. ನೆರಳಿನ ಹೊರಗಿರೋ ಕಪ್ಪು ಮನೆ, ನೆರಳಿನ ಒಳಗಿರೋ ಬಿಳಿ ಮನೆ, ಇವೆರಡೂ ಅಚ್ಚಲ್ಲಿ ಒಂದೇ ಬೂದು ಬಣ್ಣ ಅಂದ್ರೆ ಯಾರೂ ನಂಬಲ್ಲ. ಒಂದು ಹಾಳೇಲಿ ಎರಡು ತೂತು ಮಾಡಿ ಅವೆರಡು ಮನೆ ಮಾತ್ರ ಕಾಣೋ ಹಾಗೆ ಇಟ್ಟು ನೋಡಿ, ಬಣ್ಣ ಒಂದೇ! ಹಾಳೆ ತೆಗೀರಿ, ಮತ್ತೆ ಒಂದು ಕಪ್ಪು ಒಂದು ಬಿಳಿ. ಇಲ್ಲಿ ಮೆದುಳು ತಪ್ಪು ಮಾಡ್ತಿದೆ ಅನ್ನೋಕೆ ನನಗೆ ಮನಸ್ಸು ಬರಲ್ಲ, ಯಾಕಂದ್ರೆ ಅದಕ್ಕೆ ಬೇಕಾಗಿರೋದು ಕಣ್ಣಿಗೆ ಎಷ್ಟು ಬೆಳಕು ಬಂತು ಅನ್ನೋದಲ್ಲ, ವಸ್ತುವಿನ ನಿಜವಾದ ಬಣ್ಣ ಏನು ಅನ್ನೋದು, ಅದಕ್ಕೇ ನೆರಳಿನ ಪಾಲನ್ನ ಕಳೆದು ಹೇಳುತ್ತೆ. ಈ ಕೆಲಸ ನಡೀದೇ ಇದ್ದಿದ್ರೆ ಬಿಸಿಲಿಂದ ನೆರಳಿಗೆ ಬಂದ ಬಿಳಿ ಅಂಗಿ ಪ್ರತಿ ಸಲ ಬಣ್ಣ ಬದಲಾಯಿಸಿದ ಹಾಗೆ ಕಾಣ್ತಿತ್ತು.

ಗೆರೆ ಚಿತ್ರಕ್ಕೆ ಇಷ್ಟು ಸಲೀಸಾದ ವಿವರಣೆ ಇನ್ನೂ ಸಿಕ್ಕಿಲ್ಲ. ರಿವರ್ಸ್ ಅನ್ನೋ ಇಂಗ್ಲೆಂಡಿನ ಸಂಶೋಧಕ ನಮ್ಮ ಪಕ್ಕದ ನೀಲಗಿರಿಗೆ ಬಂದು ಅಲ್ಲಿನ ತೋಡ ಬುಡಕಟ್ಟಿನವರ ಮೇಲೆ ಇದನ್ನ ಪರೀಕ್ಷೆ ಮಾಡಿ 1905ರಲ್ಲಿ ವರದಿ ಮಾಡಿದ್ರು, ಇಂಗ್ಲಿಷರಷ್ಟು ತೋಡರು ಇದಕ್ಕೆ ಮೋಸಹೋಗಲಿಲ್ಲ ಅಂತ. ಮೂಲೆ ಗೋಡೆಗಳ ಚೌಕಟ್ಟಾದ ಮನೆಗಳಲ್ಲಿ ಬೆಳೆದವರಿಗೆ ಭ್ರಮೆ ಜಾಸ್ತಿ ಅನ್ನೋ ವಾದ ಆಮೇಲೆ ಬಂತು, ಅದರ ಬಗ್ಗೆ ಜಗಳ ಇವತ್ತಿಗೂ ಮುಗಿದಿಲ್ಲ.

ಇಲ್ಲಿ ಹಗ್ಗ-ಹಾವಿನ ಉದಾಹರಣೆ ಕೊಡೋರಿದ್ದಾರೆ, ಅದು ಈ ಜಾಗಕ್ಕೆ ಕೂರಲ್ಲ, ಹಗ್ಗ ಅಂತ ಗೊತ್ತಾದ ಕ್ಷಣ ಹಾವು ಮಾಯ. ಅದ್ವೈತದವರು ಇದನ್ನ ತುಂಬಾ ಹಿಂದೇನೇ ಗಮನಿಸಿ ಭ್ರಮೆಯನ್ನ ಎರಡು ಥರ ಅಂತ ವಿಂಗಡಿಸಿದ್ರು, ಹಗ್ಗದ ಹಾವು ನಿರುಪಾಧಿಕ, ಅಂದ್ರೆ ಪಕ್ಕದ ವಸ್ತುವಿನ ಪ್ರಭಾವ ಇಲ್ಲದ್ದು, ದಾಸವಾಳದ ಪಕ್ಕ ಇಟ್ಟ ಸ್ಫಟಿಕ ಕೆಂಪಗೆ ಕಾಣೋದು ಸೋಪಾಧಿಕ, ಅಂದ್ರೆ ಅಂಥ ಪ್ರಭಾವ ಇರೋದು. ಸ್ಫಟಿಕಕ್ಕೆ ಬಣ್ಣ ಇಲ್ಲ ಅಂತ ಎಷ್ಟೇ ಗೊತ್ತಿದ್ರೂ ಹೂವು ಅಲ್ಲಿರೋವರೆಗೂ ಕೆಂಪೇ. ನಿಮ್ಮ ಗೆರೆ ಈ ಎರಡನೇ ಗುಂಪಿನದ್ದು, ಬಾಣದ ತುದಿ ಅಳಿಸಿದ್ರೆ ಮಾತ್ರ ಸರಿಹೋಗುತ್ತೆ.

ಯೋಚನೇಲೂ ಹೀಗೇ ಆಗುತ್ತಾ ಅಂತ ಕೆಲವರು ಮುಂದಕ್ಕೆ ಕೇಳ್ತಾರೆ, ಒಳ್ಳೆ ಪ್ರಶ್ನೆ. ಮನೋವಿಜ್ಞಾನಿ ಪೀಟರ್ ವಾಸನ್ 1966ರಲ್ಲಿ ಬರೆದ ಪಜಲ್ ತಗೊಳ್ಳಿ, ಕನ್ನಡಕ್ಕೆ ಇಳಿಸಿ ಹೇಳ್ತೀನಿ. ನಾಲ್ಕು ಕಾರ್ಡ್: ಅ, ಕ, 4, 7. ಒಂದು ಕಡೆ ಅಕ್ಷರ, ಇನ್ನೊಂದು ಕಡೆ ಸಂಖ್ಯೆ. ರೂಲ್ ಏನಂದ್ರೆ, ಒಂದು ಕಡೆ ಸ್ವರ ಇದ್ರೆ ಹಿಂದೆ ಸಮಸಂಖ್ಯೆ ಇರಲೇಬೇಕು. ರೂಲ್ ಮುರಿದಿದ್ಯಾ ಅಂತ ನೋಡೋಕೆ ಯಾವ ಕಾರ್ಡ್ ತಿರುಗಿಸ್ಬೇಕು? ಬಹಳ ಜನ ಅ ಮತ್ತು 4 ಅಂತಾರೆ. 4ರ ಹಿಂದೆ ಏನಿದ್ರೂ ರೂಲ್ ಮುರಿಯಲ್ಲ, ತಿರುಗಿಸಬೇಕಾದ್ದು ಅ ಮತ್ತು 7, ಯಾಕಂದ್ರೆ 7ರ ಹಿಂದೆ ಸ್ವರ ಸಿಕ್ಕಿದ್ರೆ ರೂಲ್ ಮುಗೀತು. ಇಂಥ ಅಕ್ಷರ-ಅಂಕಿ ಪ್ರಶ್ನೆಗೆ ಸರಿ ಉತ್ತರ ಕೊಡೋರು ಸಾಮಾನ್ಯವಾಗಿ ಹತ್ತರಲ್ಲಿ ಒಬ್ರೂ ಇರಲ್ಲ.

ಆದ್ರೆ 1982ರಲ್ಲಿ ಗ್ರಿಗ್ಸ್ ಮತ್ತು ಕಾಕ್ಸ್ ಅನ್ನೋ ಸಂಶೋಧಕರು ಅಮೆರಿಕದ ಫ್ಲೋರಿಡಾದಲ್ಲಿ ಇದೇ ಲಾಜಿಕ್ಕನ್ನ ಬೇರೆ ವೇಷದಲ್ಲಿ ಕೇಳಿದ್ರು: ಬಿಯರ್ ಕುಡೀತಿರೋರಿಗೆ 19 ದಾಟಿರ್ಬೇಕು, ಒಬ್ಬ ಬಿಯರ್ ಕುಡೀತಿದ್ದಾನೆ, ಒಬ್ಬ ಕೋಕ್, ಒಬ್ಬನಿಗೆ 16 ವರ್ಷ, ಒಬ್ಬನಿಗೆ 22, ಯಾರ್ಯಾರನ್ನ ಚೆಕ್ ಮಾಡ್ತೀರಾ? ಸುಮಾರು ಮುಕ್ಕಾಲು ಭಾಗ ಜನ ಸರಿಯಾಗಿ ಬಿಯರ್ ಕುಡಿಯೋನನ್ನೂ 16ರ ಹುಡುಗನನ್ನೂ ಆರಿಸಿದ್ರು. ಅಂದ್ರೆ ಇಲ್ಲಿ ವಿಷಯ ಬದಲಾಯಿಸಿದ್ರೇ ಸಾಕು ತಲೆ ಬೇರೆ ದಾರಿ ಹಿಡಿಯುತ್ತೆ, ಗೆರೆ ವಿಷಯದಲ್ಲಿ ಆ ಅನುಕೂಲ ಇಲ್ಲ. ಬಿಯರ್ ಪ್ರಶ್ನೆ ಸುಲಭವಾಗೋಕೆ ಕಾರಣ ಇಂಥ ಕಟ್ಟಳೆಗಳ ಜೊತೆ ದಿನಾ ಬದುಕಿರೋ ಅಭ್ಯಾಸನಾ ಅಥವಾ ಮನೋವಿಜ್ಞಾನಿ ಲೀಡಾ ಕಾಸ್ಮಿಡಿಸ್ 1989ರಲ್ಲಿ ವಾದಿಸಿದ ಹಾಗೆ ಮೋಸ ಮಾಡೋರನ್ನ ಹಿಡಿಯೋಕೇ ಮೆದುಳಲ್ಲಿ ಬೇರೆ ವ್ಯವಸ್ಥೆ ಇದ್ಯಾ, ಅದು ಇನ್ನೊಂದು ದೊಡ್ಡ ಚರ್ಚೆ, ನನಗಂತೂ ಅಭ್ಯಾಸದ ಕಡೆಯ ವಾದವೇ ಹೆಚ್ಚು ಸರಿ ಅನ್ಸುತ್ತೆ.